ಧ್ರುವ ಪ್ರದೇಶದ ವಿಜ್ಞಾನಿಯೊಂದಿಗೆ ತರಗತಿಯಿಂದ ನೇರ ಮಾತುಕತೆ: ವಿಡಿಯೊ ಕರೆಯನ್ನು ನೆಚ್ಚಬಹುದೇ?

ಪ್ರಶ್ನೆ

ಎಂಟನೇ ತರಗತಿಯ 40 ಮಕ್ಕಳು, ಅಂಟಾರ್ಕ್ಟಿಕಾದಲ್ಲಿರುವ ಒಬ್ಬ ಸಂಶೋಧಕಿ, 45 ನಿಮಿಷ. ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಸ್ಪೀಕರ್ ಇವೆ. ವಿಡಿಯೊ ಕರೆಯೊಂದನ್ನೇ ನಂಬಿಕೊಂಡರೆ ಸಾಕೇ? ಮುಂಚಿತವಾಗಿ ಏನೇನು ಮಾಡಿಕೊಳ್ಳಬೇಕು?

ಉತ್ತರ 1

ಅವರು ಯಾವ ಅಕ್ಷಾಂಶದಲ್ಲಿದ್ದಾರೆ ಎಂಬುದನ್ನು ಮೊದಲು ಕೇಳಿ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಅಲ್ಲಿಂದ ಕರೆ ಬರುವುದು ಉಪಗ್ರಹಗಳ ಮೂಲಕ. ಭೂಸ್ಥಿರ ಉಪಗ್ರಹಗಳು (ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತೆ ಕಾಣುವವು) ಸಮಭಾಜಕದ ಮೇಲೆ ಸುಮಾರು 35,786 ಕಿ.ಮೀ. ಎತ್ತರದಲ್ಲಿರುತ್ತವೆ. ಭಾರತದ ಮೈತ್ರಿ, ಭಾರತಿ ನೆಲೆಗಳಿರುವ 70 ಡಿಗ್ರಿಯ ಆಸುಪಾಸಿನಲ್ಲಿ ಅವು ದಿಗಂತದಿಂದ ಹೆಚ್ಚೆಂದರೆ 12 ಡಿಗ್ರಿ ಮೇಲಿರುತ್ತವೆ. 78 ಡಿಗ್ರಿಯಲ್ಲಿ ಬರೀ ಮೂರು. 81 ದಾಟಿದರೆ ಕಾಣುವುದೇ ಇಲ್ಲ.

ಹಾಗಾಗಿ ದಕ್ಷಿಣ ಧ್ರುವದ ಅಮುಂಡ್‌ಸೆನ್–ಸ್ಕಾಟ್ ನೆಲೆಯವರು ಕಕ್ಷೆ ವಾಲಿದ, ಅಂದರೆ ಸಮಭಾಜಕದಿಂದ ಉತ್ತರಕ್ಕೂ ದಕ್ಷಿಣಕ್ಕೂ ತೂಗುವ ಉಪಗ್ರಹಗಳನ್ನು ಬಳಸುತ್ತಾರೆ. ಅವು ದಿನಕ್ಕೆ ಕೆಲವೇ ಗಂಟೆ ಸಿಗುತ್ತವೆ, ಅದೂ ದಿನದಿಂದ ದಿನಕ್ಕೆ ಸುಮಾರು 4 ನಿಮಿಷ ಮುಂಚೆ. ಇವತ್ತಿನ ವೇಳೆ ನೋಡಿ ಮೂರು ತಿಂಗಳ ನಂತರದ ತರಗತಿ ಗೊತ್ತುಮಾಡಿದರೆ ಲೆಕ್ಕ ಆರು ಗಂಟೆ ತಪ್ಪುತ್ತದೆ! ಅಲ್ಲಿ ಗಡಿಯಾರ ನಡೆಯುವುದು ನ್ಯೂಜಿಲೆಂಡ್ ಸಮಯಕ್ಕೆ. ಗೊಂದಲವಾಗದಂತೆ ಪತ್ರವ್ಯವಹಾರದಲ್ಲಿ ಯುಟಿಸಿಯನ್ನೇ (ಎಲ್ಲೆಡೆ ಒಂದೇ ಆಗಿರುವ ಜಾಗತಿಕ ಪ್ರಮಾಣ ಸಮಯ) ಬರೆಯಿರಿ.

ಉತ್ತರ 2

ನೆಲೆ ಬಿಟ್ಟು ಹಿಮದ ಮೇಲಿನ ಶಿಬಿರದಲ್ಲಿದ್ದು ಕೈಯಲ್ಲಿ ಇರಿಡಿಯಂ ಉಪಗ್ರಹ ಫೋನ್ ಮಾತ್ರ ಇದ್ದರೆ ವಿಡಿಯೊ ಮರೆತುಬಿಡಿ; ಅದರಲ್ಲಿ ಧ್ವನಿಗೆ ಸಿಗುವುದು ಸೆಕೆಂಡಿಗೆ 2.4 ಕಿಲೊಬಿಟ್. ಆದರೆ ಧ್ವನಿ ಮಾತ್ರದ ತರಗತಿ ಕಳಪೆಯೇನಲ್ಲ. ನೆಲೆಯಲ್ಲಿರುವಾಗಲೇ 15–20 ಚಿತ್ರ ತರಿಸಿಕೊಂಡು ಪ್ರತಿಯೊಂದರ ಮೂಲೆಯಲ್ಲೂ ದೊಡ್ಡ ಸಂಖ್ಯೆ ಹಾಕಿ. ಅವರು "ಈಗ ಏಳು" ಎಂದರೆ ನೀವು ಏಳನೆಯದನ್ನು ತೋರಿಸಿದರಾಯಿತು. ವಿಡಿಯೊ ಸಿಗುವಂತಿದ್ದರೂ ಈ ಕಟ್ಟು ಸಿದ್ಧವಿರಲಿ.

ಇರಿಡಿಯಂನ 66 ಉಪಗ್ರಹಗಳು ಸುಮಾರು 780 ಕಿ.ಮೀ. ಎತ್ತರದಲ್ಲಿ ಓಡುತ್ತಿರುತ್ತವೆ. ಒಂದೊಂದೂ ಹತ್ತು ನಿಮಿಷದೊಳಗೆ ಆಕಾಶ ದಾಟಿಬಿಡುತ್ತದೆ, ಕರೆ ಮುಂದಿನದಕ್ಕೆ ಹೋಗುವಾಗ ಕೆಲವೊಮ್ಮೆ ಕಡಿದುಹೋಗುತ್ತದೆ. ಕಡಿದರೆ ಮತ್ತೆ ಕರೆ ಮಾಡುವವರು ಯಾರೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಇಬ್ಬರೂ ಒಟ್ಟಿಗೆ ಮಾಡಿದರೆ ಇಬ್ಬರಿಗೂ ಎಂಗೇಜ್. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ. ಕರೆಯ ಹೊತ್ತಿನವರೆಗೆ ಫೋನ್ ಕೋಟಿನ ಒಳಜೇಬಿನಲ್ಲಿರಲಿ.

ಉತ್ತರ 3

ತರಗತಿಯ ಕಡೆ ಕೆಡುವುದು ಹೆಚ್ಚಾಗಿ ಧ್ವನಿಯೇ. ಸ್ಪೀಕರಿನ ಸದ್ದು ಮೈಕಿಗೆ ಹೊಕ್ಕರೆ ಅವರಿಗೆ ತಮ್ಮದೇ ಮಾತು ತಡವಾಗಿ ಕೇಳಿಸಿ ಮಾತು ತೊದಲುತ್ತದೆ. ಒಂದೇ ಮೈಕ್ ಇಡಿ, ಅವರು ಮಾತಾಡುವಾಗ ಮ್ಯೂಟ್ ಮಾಡಿ, ಪ್ರಶ್ನೆ ಕೇಳುವ ಮಗುವೇ ಮೈಕಿನ ಹತ್ತಿರ ಬರಲಿ. ಭೂಸ್ಥಿರ ಉಪಗ್ರಹವಾದರೆ ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಆ ಮೌನದಲ್ಲಿ ಮಗು ಮತ್ತೆ ಬಾಯಿ ತೆರೆದರೆ ಎರಡು ಮಾತೂ ಡಿಕ್ಕಿ ಹೊಡೆಯುತ್ತವೆ. ಪ್ರಶ್ನೆ ಮುಗಿಯಿತೆಂದು ತಿಳಿಸಲು "ಓವರ್" ಎನ್ನುವುದನ್ನು ಕಲಿಸಿ, ಮಕ್ಕಳಿಗೆ ಅದು ಖುಷಿಯೂ ಹೌದು.

ಒಂದು ವಾರ ಮುಂಚೆ ಅದೇ ಕೋಣೆ, ಅದೇ ಲ್ಯಾಪ್‌ಟಾಪ್, ಅದೇ ನೆಟ್‌ವರ್ಕ್‌ನಲ್ಲಿ ಪರೀಕ್ಷಿಸಿ. ಶಾಲೆಯ ಫೈರ್‌ವಾಲ್ (ನೆಟ್‌ವರ್ಕಿನ ಕಾವಲು ವ್ಯವಸ್ಥೆ) ಯುಡಿಪಿಯನ್ನು, ಅಂದರೆ ವಿಡಿಯೊ ಕರೆಗಳು ಬಳಸುವ ವೇಗದ ದತ್ತಾಂಶ ರವಾನೆ ವಿಧಾನವನ್ನು, ತಡೆದಿದ್ದರೆ ಕರೆ ಕೂಡಿಕೊಂಡರೂ ಚಿತ್ರ ಮತ್ತೆ ಮತ್ತೆ ನಿಲ್ಲುತ್ತದೆ. ಮನೆಯಲ್ಲಿ ಮಾಡಿದ ಪರೀಕ್ಷೆಯಲ್ಲಿ ಇದು ಗೊತ್ತೇ ಆಗುವುದಿಲ್ಲ.

ಉತ್ತರ 4

ಮುಂದೆ ಆರ್ಕ್ಟಿಕ್ ಕಡೆಗೂ ಕರೆ ಮಾಡುವುದಾದರೆ: ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದ ಸಂಶೋಧನಾ ನೆಲೆ ನ್ಯೂ-ಓಲೆಸುಂಡ್‌ಗೆ ಫೈಬರ್ ಕೇಬಲ್ ಇದೆ, ವಿಡಿಯೊ ಚೆನ್ನಾಗಿ ಬರುತ್ತದೆ. ಆದರೆ ಅಲ್ಲಿನ ರೇಡಿಯೊ ದೂರದರ್ಶಕಗಳಿಗೆ ಅಡ್ಡಿಯಾಗದಿರಲೆಂದು ವೈಫೈ, ಬ್ಲೂಟೂತ್ ಎರಡೂ ನಿಷಿದ್ಧ. ಫೋನ್ ಹಿಡಿದು ಹೊರಗೆ ಓಡಾಡುತ್ತ ತೋರಿಸಿ ಎಂದು ಕೇಳಬೇಡಿ. ಹೊರಗಿನ ದೃಶ್ಯಗಳನ್ನು ಮೊದಲೇ ಚಿತ್ರೀಕರಿಸಿ ಕಳಿಸಲು ಕೋರಿ.