ವಿಂಡೋಸ್ ತೆರೆಯದ ಲ್ಯಾಪ್‌ಟಾಪಿನಿಂದ ಕಡತಗಳನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ – ಹಳೇ ಕೀಲಿಮಣೆ

ವಿಂಡೋಸ್ 10 ಇರುವ ನಮ್ಮ ಲ್ಯಾಪ್‌ಟಾಪು ಅಪ್‌ಡೇಟ್ ಆಗುತ್ತಿದ್ದಾಗ ಕರೆಂಟು ಹೋಯಿತು. ಬ್ಯಾಟರಿ ಮೊದಲೇ ಕೈಕೊಟ್ಟಿದ್ದರಿಂದ ಯಂತ್ರ ಅರ್ಧದಲ್ಲೇ ಆರಿತು. ಅಂದಿನಿಂದ ದುರಸ್ತಿಯ ನೀಲಿ ಪರದೆಯವರೆಗೆ ಬಂದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಫಾರ್ಮ್ಯಾಟ್ ಮಾಡಿಕೊಡುತ್ತೇವೆ, ಆದರೆ ಒಳಗಿನ ಕಡತಗಳಿಗೆ ಜವಾಬ್ದಾರರಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ತಂದೆಯವರು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಊರಿನ ಚರಿತ್ರೆ ಪೂರ್ತಿಯಾಗಿ ಸಿ ಡ್ರೈವಿನಲ್ಲಿಯೇ ಇದೆ. ಮನೆಯಲ್ಲಿ ಬೇರೆ ಕಂಪ್ಯೂಟರ್ ಇಲ್ಲ. ಏನು ಮಾಡಬಹುದು?

ಉತ್ತರ – ತುಂಗಾತೀರ

ಫಾರ್ಮ್ಯಾಟ್ ಮಾತು ಸದ್ಯಕ್ಕೆ ಬೇಡ. ನೀವು ಹೇಳುವ ಲಕ್ಷಣ ನೋಡಿದರೆ ಕೆಟ್ಟಿರುವುದು ವಿಂಡೋಸ್, ಕಡತಗಳು ಬಹುತೇಕ ಇದ್ದಲ್ಲಿಯೇ ಇರುತ್ತವೆ. ಸ್ನೇಹಿತರ ಕಂಪ್ಯೂಟರಿನಲ್ಲಿ 8 ಜಿಬಿ ಪೆನ್‌ಡ್ರೈವಿಗೆ ರೂಫಸ್ ಎಂಬ ತಂತ್ರಾಂಶದ ಮೂಲಕ ಲಿನಕ್ಸ್ ಮಿಂಟ್ (ವಿಂಡೋಸಿನ ಬದಲು ಪೆನ್‌ಡ್ರೈವಿನಿಂದಲೇ ನಡೆಯಬಲ್ಲ ಕಾರ್ಯಾಚರಣಾ ವ್ಯವಸ್ಥೆ) ಬರೆಯಿಸಿಕೊಂಡು, ಅದರಿಂದಲೇ ನಿಮ್ಮ ಲ್ಯಾಪ್‌ಟಾಪನ್ನು ಬೂಟ್ ಮಾಡಿ. ಪರದೆಯ ಮೇಲೆ ಇನ್‌ಸ್ಟಾಲ್ ಎಂಬ ಚಿತ್ರ ಕಾಣುತ್ತದೆ, ಅದನ್ನು ಮುಟ್ಟಬಾರದು. ವಿಂಡೋಸ್ ಸರಿಯಾಗಿ ಮುಚ್ಚದೆ ಇದ್ದುದರಿಂದ ಡಿಸ್ಕು ಓದಲು ಮಾತ್ರ ತೆರೆದುಕೊಂಡರೆ ಗಾಬರಿಯಾಗಬೇಡಿ. ನಮಗೆ ಬೇಕಾದುದೂ ಅಷ್ಟೇ. ಯೂಸರ್ಸ್ ಫೋಲ್ಡರನ್ನು ಇಡಿಯಾಗಿ ಹೊರಗಿನ ಡಿಸ್ಕಿಗೆ ನಕಲಿಸಿ. ಆ ಡಿಸ್ಕು ಫ್ಯಾಟ್32 ಮಾದರಿಯದ್ದಾದರೆ 4 ಜಿಬಿ ಮೀರಿದ ವಿಡಿಯೋಗಳು ಹೋಗುವುದಿಲ್ಲ.

ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಡಿಸ್ಕೇ ಕೆಡುತ್ತಿರಬಹುದು, ಇದಾವುದನ್ನೂ ಮಾಡದೆ ಯಂತ್ರವನ್ನು ಆರಿಸಿಡಿ.

ಉತ್ತರ – ಅರ್ಧವಿರಾಮ

ಸ್ನೇಹಿತರ ಕಂಪ್ಯೂಟರೂ ಸಿಗದಿದ್ದರೆ ವಿಂಡೋಸಿನ ಜೊತೆಗೇ ಬರುವ ನೋಟ್‌ಪ್ಯಾಡ್ ಸಾಕು. ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಕಮಾಂಡ್ ಪ್ರಾಂಪ್ಟ್ ಎಂದು ಸಾಗಿ, ಕಪ್ಪು ಕಿಟಕಿಯಲ್ಲಿ ನೋಟ್‌ಪ್ಯಾಡ್ ಎಂದು ಇಂಗ್ಲಿಷಿನಲ್ಲಿ ಟೈಪಿಸಿ. ಅದರ ಫೈಲ್ ಮೆನುವಿನಲ್ಲಿ ಓಪನ್ ಒತ್ತಿ, ಕೆಳಗಡೆ ಆಲ್ ಫೈಲ್ಸ್ ಆರಿಸಿಕೊಂಡರೆ, ಆ ಪುಟ್ಟ ಕಿಟಕಿಯೊಳಗೇ ಫೋಲ್ಡರಿನ ಮೇಲೆ ಬಲ ಕ್ಲಿಕ್ ಮಾಡಿ ಕಾಪಿ ಮಾಡಿ, ಪೆನ್‌ಡ್ರೈವಿಗೆ ಹೋಗಿ ಪೇಸ್ಟ್ ಮಾಡಬಹುದು. ನಿಮ್ಮ ಸಿ ಡ್ರೈವು ಅಲ್ಲಿ ಡಿ ಎಂದೋ ಇ ಎಂದೋ ಕಾಣಿಸಬಹುದು. ನಕಲು ನಡೆಯುವಾಗ ಪ್ರಗತಿಯ ಪಟ್ಟಿ ಬರುವುದಿಲ್ಲ, ಕಿಟಕಿ ಸತ್ತಂತೆ ನಿಂತಿರುತ್ತದೆ. ನಾನು ಒಮ್ಮೆ ತಾಳ್ಮೆಗೆಟ್ಟು ಮುಚ್ಚಿ, ಅರ್ಧ ಫೋಟೋಗಳನ್ನು ಮತ್ತೆ ನಕಲಿಸಬೇಕಾಯಿತು.

ಡ್ರೈವಿಗೆ ಬಿಟ್‌ಲಾಕರ್ (ಮಾಹಿತಿಯನ್ನು ಗೂಢಲಿಪಿಗೆ ಬದಲಿಸಿಡುವ ವಿಂಡೋಸಿನ ಸೌಲಭ್ಯ) ಬೀಗವಿದ್ದರೆ ಎರಡೂ ದಾರಿಗಳಲ್ಲಿ 48 ಅಂಕೆಗಳ ರಿಕವರಿ ಕೀ ಬೇಕಾಗುತ್ತದೆ. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಉಳಿದಿದೆಯೇ ಎಂದು ಮೊಬೈಲಿನಲ್ಲೇ ನೋಡಿಕೊಳ್ಳಿ.

ಉತ್ತರ – ಮೊಳೆ ಅಚ್ಚು

ಕಡತಗಳ ಜೊತೆಗೆ ಫಾಂಟುಗಳನ್ನೂ ತೆಗೆದುಕೊಳ್ಳಿ. ಹಳೆಯ ನುಡಿಯ ಆಸ್ಕಿ ಅಕ್ಷರಗಳಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ರೂಪಗಳನ್ನು ಕೂರಿಸಿದ ಹಳೆಯ ಪದ್ಧತಿ) ಟೈಪಿಸಿದ್ದರೆ, ಹೊಸ ವಿಂಡೋಸಿನಲ್ಲಿ ಆ ಫಾಂಟು ಇಲ್ಲದೆ ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಷ್ಟೇ ಕಾಣುತ್ತದೆ, ಕಡತ ಹಾಳಾಯಿತೆಂದು ಎಷ್ಟೋ ಜನ ಅಳಿಸಿಬಿಡುತ್ತಾರೆ. ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನೂ ನಕಲಿಸಿ. ಇನ್ನು, ಕ್ರೋಮ್ ಉಳಿಸಿಟ್ಟ ಪಾಸ್‌ವರ್ಡುಗಳು ಫೋಲ್ಡರ್ ನಕಲಿಸಿದ ಮಾತ್ರಕ್ಕೆ ಬರುವುದಿಲ್ಲ, ಅವು ಹಳೆಯ ವಿಂಡೋಸ್ ಖಾತೆಗೆ ಕಟ್ಟಿಹಾಕಲ್ಪಟ್ಟಿರುತ್ತವೆ.

ಹಳೇ ಕೀಲಿಮಣೆ

ಎಲ್ಲರಿಗೂ ಧನ್ಯವಾದಗಳು. ಬೀಗ ಇರಲಿಲ್ಲ, ನೋಟ್‌ಪ್ಯಾಡಿನ ದಾರಿಯಲ್ಲಿ ತಂದೆಯವರ ಫೋಲ್ಡರು, ಫಾಂಟುಗಳು ಬಂದವು. ನಿನ್ನೆ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಮೊದಲ ಅಧ್ಯಾಯ ತೆರೆದಾಗ ಕಂಡದ್ದು ಇಂಗ್ಲಿಷಿನ ಕಲಸುಮೇಲೋಗರವೇ, ಫಾಂಟು ಹಾಕಿಸಿದ ಮೇಲೆ ಕನ್ನಡ ಮೂಡಿತು. ಫೋಟೋಗಳಿಗೆ ದೊಡ್ಡ ಡಿಸ್ಕು ತರಿಸಿದ್ದೇನೆ. ಅವು ಹೊರಬಂದ ಮೇಲೆಯೇ ಅಂಗಡಿಗೆ ಕೊಡುತ್ತೇನೆ.