ಪದಚರ್ಚೆ: "ಶಾಶ್ವತ ನೆನಪು" ಸರಿಯೇ?

> ಮನಶ್ಶಾಸ್ತ್ರದ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ. ಕೆಲವೇ ಸೆಕೆಂಡು ನಿಲ್ಲುವುದಕ್ಕೆ "ಅಲ್ಪಕಾಲದ ನೆನಪು", ವರ್ಷಗಟ್ಟಲೆ ಉಳಿಯುವುದಕ್ಕೆ "ಶಾಶ್ವತ ನೆನಪು" ಅಂತ ಹಾಕಿದ್ದೇನೆ. ಸಂಜೆ ಅಚ್ಚಿಗೆ ಹೋಗಬೇಕು. ಸರಿಯಿದೆಯಾ?

ಮೊದಲನೆಯದು ಇರಲಿ. "ಶಾಶ್ವತ" ತೆಗೆದು "ದೀರ್ಘಕಾಲದ ನೆನಪು" ಅನ್ನಿ. ಈ ನೆನಪಿಗೆ ಇಷ್ಟೇ ಆಯಸ್ಸು ಅಂತ ಯಾರೂ ಗೆರೆ ಎಳೆದಿಲ್ಲ, ನಿಜ. ಹಾಗಂತ ಅಳಿಯುವುದೇ ಇಲ್ಲ ಅಂತಲ್ಲ. ನಿನ್ನೆ ಓದಿ ನಾಳೆ ಮರೆಯುವ ಪಾಠವೂ ಇದೇ ಗುಂಪಿಗೆ ಸೇರುತ್ತದೆ. ಅದನ್ನು ಶಾಶ್ವತ ಅಂದರೆ ಓದಿದವರು ನಗುತ್ತಾರೆ.

ಮನಶ್ಶಾಸ್ತ್ರಜ್ಞ ಹ್ಯಾರಿ ಬಾರಿಕ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಶಾಲೆ ಕಾಲೇಜಿನಲ್ಲಿ ಸ್ಪ್ಯಾನಿಷ್ ಕಲಿತವರನ್ನು ಪರೀಕ್ಷಿಸಿದರು. ಕೆಲವರು ಕಲಿತು 50 ವರ್ಷವಾಗಿತ್ತು. ಮೊದಲ 3ರಿಂದ 6 ವರ್ಷ ಮರೆವು ಜೋರು. ಆಮೇಲೆ ಉಳಿದದ್ದು ಸುಮಾರು 30 ವರ್ಷದವರೆಗೂ ಹೆಚ್ಚೂಕಡಿಮೆ ಹಾಗೇ ಇತ್ತು. ಚೆನ್ನಾಗಿ ಕಲಿತವರಲ್ಲಿ ಜಾಸ್ತಿ ಉಳಿದಿತ್ತು. ಈ ಗಟ್ಟಿ ಪಾಲಿಗೆ ಅವರು ಬೇರೆಯೇ ಹೆಸರಿಟ್ಟರು, "ಪರ್ಮಾಸ್ಟೋರ್", ಅಂದರೆ ಕಾಯಂ ಉಗ್ರಾಣ. ಶಾಶ್ವತ ಅನ್ನಲೇಬೇಕು ಅಂದರೆ ಅದಕ್ಕೆ ಇಟ್ಟುಕೊಳ್ಳಿ.

> ನೀರಿನಲ್ಲಿ ನೆನೆದ ಕಾಳಿನ ಹಾಗೆ ಮನಸ್ಸಿನಲ್ಲಿ ನೆನೆದದ್ದೇ ನೆನಪು. ಮೂಲ ಅದೇ.

ಚೆಂದವಾಗಿದೆ, ಆದರೆ ಸುಳ್ಳು. ತಮಿಳಿನಲ್ಲಿ ಯೋಚಿಸುವುದು ನಿನೈ, ಒದ್ದೆಯಾಗುವುದು ನನೈ. ಎರಡೂ ಬೇರೆ ಬೇರೆ ಬೇರು. ಕನ್ನಡದಲ್ಲಿ ಎರಡೂ "ನೆನೆ" ಆಗಿ ಕುಳಿತಿವೆ, ಅಷ್ಟೇ. ಇದನ್ನು ಎಷ್ಟು ಸಲ ಹೇಳಬೇಕೋ.

> "ದೀರ್ಘ" ಯಾಕೆ? ಅಚ್ಚಗನ್ನಡದಲ್ಲಿ "ನೀಳ್ನೆನಪು" ಅನ್ನಿ.

ನೀಳ್ಗತೆ ಇದೆಯಲ್ಲ ಅಂತೀರಿ. ಅಲ್ಲಿ ಉದ್ದ ಇರುವುದು ಕತೆಗೇ. ನೀಳ್ನೆನಪು ಅಂದರೆ ಯಾರೋ ಕೂತು ಗಂಟೆಗಟ್ಟಲೆ ಹಳೆಯದು ಹೇಳಿದ ಹಾಗಾಗುತ್ತದೆ. ನಮಗೆ ಬೇಕಾದ್ದು ಬಾಳಿಕೆ, ಉದ್ದ ಅಲ್ಲ. "ಸ್ಮೃತಿ" ಅಂತ ಇನ್ನೊಬ್ಬರು ಬರೆದಿದ್ದಾರೆ. ಧರ್ಮಶಾಸ್ತ್ರದ ಫಲಕ ಅಂದುಕೊಂಡಾರು. "ದೀರ್ಘಕಾಲದ ನೆನಪು" ಅಂತ ಹಾಕಿ, ಮುಗೀತು. ದೀರ್ಘ ನಮ್ಮ ಬಾಯಲ್ಲಿ ಯಾವತ್ತೋ ಕನ್ನಡವಾಗಿದೆ.

ಹೊಸ ನೆನಪು ಕಟ್ಟಲು ಬೇಕಾದ ಮಿದುಳಿನ ಭಾಗ ಹಿಪೊಕ್ಯಾಂಪಸ್. ಆ ಹೆಸರೂ ಅನುವಾದಿಸದೆ ಹಾಗೇ ಇರಲಿ. ಗ್ರೀಕಿನಲ್ಲಿ ಅದು ಕಡಲಕುದುರೆ ಅಂತ ಯಾರಾದರೂ ಹೊರಡುವ ಮೊದಲೇ ಹೇಳುತ್ತಿದ್ದೇನೆ. 1953ರ ಶಸ್ತ್ರಚಿಕಿತ್ಸೆಯಲ್ಲಿ ಹೆನ್ರಿ ಮೊಲೈಸನ್ ಎಂಬ ಮೂರ್ಛೆರೋಗಿಯ ಆ ಭಾಗದಲ್ಲಿ ದೊಡ್ಡ ಪಾಲನ್ನೇ ತೆಗೆದರು. ಹಳೆಯ ನೆನಪು ಸಾಕಷ್ಟು ಉಳಿಯಿತು, ಹೊಸದು ಕಟ್ಟಿಕೊಳ್ಳುವುದು ಬಹುತೇಕ ನಿಂತಿತು. ಇದನ್ನು "ತಲೆಯಿಂದ ಕಡಲಕುದುರೆ ತೆಗೆದರು" ಅಂತ ಫಲಕದಲ್ಲಿ ಬರೆಯುತ್ತೀರಾ?