ನಾನು ಹೇಳಿದ್ದನ್ನು ಮಗಳು ನಂಬುವುದಿಲ್ಲ, ಅಜ್ಜ ಹೇಳಬೇಕು

ಬದಿಯಡ್ಕದ ಅಮ್ಮ:
ಮಗಳಿಗೆ ನಾಲ್ಕು ವರ್ಷ. ಹೋದ ವಾರ ತೋಟದಲ್ಲಿ ಒಂದು ಹಕ್ಕಿ ತೋರಿಸಿ ಕೋಗಿಲೆ ಅಂದೆ. ಅಡಿಕೆ ಹೆಕ್ಕುತ್ತಿದ್ದ ಅಜ್ಜ ತಲೆ ಎತ್ತಿ, "ಅದು ಕೆಂಬೂತ, ರೆಕ್ಕೆ ನೋಡು ಹೇಗೆ ಕೆಂಪಗಿದೆ" ಅಂದರು. ಅವತ್ತಿನಿಂದ ನಾನು ಏನು ಹೇಳಿದರೂ "ಅಜ್ಜನ ಹತ್ತಿರ ಕೇಳ್ತೇನೆ" ಅಂತ ಓಡುತ್ತಾಳೆ. ಬೇಜಾರಾಗುತ್ತದೆ. ಇದು ಸಹಜವಾ?

ಪೆರ್ಲದಿಂದ:
ಸಹಜವೇ ಅಕ್ಕ, ಒಳ್ಳೆಯದೂ ಹೌದು. 2004ರಲ್ಲಿ ಕೋನಿಗ್, ಕ್ಲೆಮೆಂಟ್, ಹ್ಯಾರಿಸ್ ಅನ್ನುವ ಸಂಶೋಧಕರು 3-4 ವರ್ಷದ ಮಕ್ಕಳ ಎದುರು ಇಬ್ಬರನ್ನು ಕೂರಿಸಿದರು. ಗೊತ್ತಿರುವ ವಸ್ತುಗಳಿಗೆ ಒಬ್ಬರು ಸರಿಯಾದ ಹೆಸರು ಹೇಳಿದರು, ಇನ್ನೊಬ್ಬರು ತಪ್ಪು ಹೆಸರು. ಆಮೇಲೆ ಹೊಸ ವಸ್ತು ಕೊಟ್ಟಾಗ, ಯಾರು ತಪ್ಪಿದ್ದು ಅಂತ ಗಮನಿಸಿದ್ದ ಮಕ್ಕಳು ಸರಿ ಹೇಳಿದವರನ್ನೇ ನಂಬಿದರು. ದೊಡ್ಡವರು ಅಂತ ಸುಮ್ನೆ ಒಪ್ಪುವುದಿಲ್ಲ.

ಅಂಗನವಾಡಿ ಟೀಚರ್, ಕುಂಬಳೆ:
ಮಾತಿನ ಧಾಟಿಯೂ ಲೆಕ್ಕಕ್ಕೆ ಬರುತ್ತದೆ. 4-5 ವರ್ಷದ ಮಕ್ಕಳು ತಮ್ಮ ಊರಿನ ಉಚ್ಚಾರದವರನ್ನೇ ಜಾಸ್ತಿ ನಂಬುತ್ತಾರೆ ಅಂತ 2011ರ ಅಧ್ಯಯನವೊಂದು ತೋರಿಸಿದೆ. ನಮ್ಮಲ್ಲಿ ಒಂದೇ ಕೋಣೆಯಲ್ಲಿ ಕನ್ನಡ, ತುಳು, ಮಲಯಾಳಂ ಮಕ್ಕಳಿದ್ದಾರೆ. ಹಲಸು ತೋರಿಸಿ ಮಲಯಾಳಂನಲ್ಲಿ 'ಚಕ್ಕ' ಅಂದರೆ ಕನ್ನಡದ ಮಗು ನನ್ನ ಮುಖವನ್ನೇ ನೋಡುತ್ತಿತ್ತು. ಈಗ ಎರಡೂ ಹೆಸರು ಒಟ್ಟಿಗೆ ಹೇಳುತ್ತೇನೆ. ನೀವೂ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಬಾ, ಅಜ್ಜನನ್ನು ಕೇಳೋಣ" ಅನ್ನಿ, ಜೊತೆಗೇ ಹೋಗಿ.

ಬದಿಯಡ್ಕದ ಅಮ್ಮ:
ಮನಸ್ಸು ಹಗುರವಾಯಿತು. ಇವತ್ತು ದೋಸೆ ಹಿಟ್ಟು ಯಾಕೆ ಉಬ್ಬಿತು ಅಂತ ನನ್ನನ್ನೇ ಕೇಳಿದಳು, ಅಜ್ಜ ಪಕ್ಕದಲ್ಲೇ ಕೂತಿದ್ದರೂ!